ನಿಲ್ಲುವ ಹಳದಿ

ವೈಟ್‌ಫೀಲ್ಡಿನಲ್ಲಿ ಬಿಳಿಯ ಪಂಚೆ ಉಟ್ಟುಕೊಂಡು ಬೀದಿಗೆ ಇಳಿಯಬಾರದೆಂದು ನನಗೆ ಅನೇಕರು ಬುದ್ಧಿ ಹೇಳಿದ್ದರು. ಅವರು ಹೇಳಿದ್ದು ಧೂಳಿನ ವಿಷಯ. ನನ್ನ ಪಂಚೆ ಕೆಟ್ಟದ್ದು ಧೂಳಿನಿಂದಲ್ಲ. ಕಳೆದ ವರ್ಷ ಮುಂಗಾರು ಹಿಡಿದ ಒಂದು ಸಂಜೆ ಕಾಡುಗೋಡಿಯ ಆಚೆ ನಡೆದು ಹೋಗುತ್ತಿದ್ದವನು ಮಳೆಗೆ ಹೆದರಿ, ರಸ್ತೆಯ ಮಗ್ಗುಲಲ್ಲಿದ್ದ ಒಂದು ಸಾಮಿಲ್ಲಿನ ತಗಡಿನ ಸೂರಿನ ಕೆಳಗೆ ಸೇರಿಕೊಂಡೆ. ಅಂಗಳದಲ್ಲಿ ಮರದ ಹೊಟ್ಟಿನ ರಾಶಿ ಇತ್ತು. ಮಳೆಯ ನೀರು ಆ ರಾಶಿಯ ಮೇಲೆ ಬಿದ್ದು, ಅದರ ಬುಡದಿಂದ ಹೊರಟು, ನನ್ನ ಕಾಲ ಬಳಿ ಹರಿದು ಬರುತ್ತಿತ್ತು. ಕೆಸರು ನೀರಿನ ಬಣ್ಣ ಅದಕ್ಕಿರಲಿಲ್ಲ. ಒಳ್ಳೆಯ ಜೇನಿನ ಬಣ್ಣವಿತ್ತು.

“ದೂರ ನಿಂತ್ಕೊಳ್ಳಿ ಸಾರ್, ಹಲಸಿನ ಹೊಟ್ಟು ಅದು, ಬಣ್ಣ ಬಿಡ್ತದೆ” ಎಂದು ಒಳಗಿನಿಂದ ಆಚಾರಿ ಕೂಗಿದ. ಆ ವೇಳೆಗೆ ಪಂಚೆಯ ಅಂಚು ನಾಲ್ಕು ಬೆರಳಷ್ಟು ಹಳದಿಯಾಗಿಹೋಗಿತ್ತು. ಯಾವುದೋ ಹಳೆಯ ಕಾಂಪೌಂಡಿನ ಮರವಂತೆ. ಮನೆ ಕೆಡವಿ ಕಟ್ಟಡ ಏಳಿಸುವವರು ಕಡಿಸಿ ಮಾರಿದ್ದಂತೆ. ಕೊಯ್ದಿಟ್ಟ ಹಲಗೆಗಳನ್ನು ನೋಡಿದೆ. ಹೊರಗಿನ ಬಿಳಿ ತಿರುಳನ್ನು ದಾಟಿದರೆ ಒಳಗಿನ ಚೇಗು ಹೊಸದಾಗಿ ಅರಿಸಿನ ಬಳಿದಂತೆ ಹೊಳೆಯುತ್ತಿತ್ತು.

ಮನೆಗೆ ಬಂದು ಪಂಚೆಯನ್ನು ಸೋಪಿನ ನೀರಿಗೆ ಹಾಕಿದರೆ ಹಳದಿ ಹೋಗುವ ಬದಲು ಇನ್ನಷ್ಟು ಗಾಢವಾಯಿತು. “ರೀ, ಇದನ್ನ ಇನ್ನು ಪೂಜೆಗೇ ಉಟ್ಕೋಬೇಕು ನೀವು” ಎಂದು ನನ್ನ ಹೆಂಡತಿ ನಕ್ಕಳು. ಆದರೆ ಮೂರು ಒಗೆತ ಕಳೆಯುವಷ್ಟರಲ್ಲಿ ಬಣ್ಣ ಬಹುಮಟ್ಟಿಗೆ ಜಾರಿಹೋಯಿತು. ಅಲ್ಲಿಗೆ ಈ ಪ್ರಸಂಗ ಮುಗಿಯಬೇಕಾಗಿತ್ತು. ಮುಗಿಯದಿದ್ದುದಕ್ಕೆ ಕಾರಣ, ನಾನು ಎಂದೋ ಓದಿದ್ದ ಒಂದು ಸಂಗತಿ. ಬರ್ಮಾ, ಸಯಾಮು, ಸಿಂಹಳಗಳಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಹುಕಾಲದಿಂದ ಬಣ್ಣ ಕೊಡುತ್ತ ಬಂದದ್ದು ಇದೇ ಹಲಸಿನ ಚೇಗು. ಬಿಸಿಲು ಮಳೆಯೆನ್ನದೆ ತಿರುಗುವ ಭಿಕ್ಷುವಿನ ಮೈಮೇಲೆ ವರ್ಷಗಟ್ಟಲೆ ನಿಂತ ಬಣ್ಣ, ನನ್ನ ಪಂಚೆಯ ಮೇಲೆ ಮೂರು ಒಗೆತಕ್ಕೆ ಏಕೆ ಓಡಿಹೋಯಿತು?

ಈ ಪ್ರಶ್ನೆಯ ಬೆನ್ನು ಹತ್ತಿದವನಿಗೆ ಗೊತ್ತಾದದ್ದಿಷ್ಟು: ಹಳದಿ ಬಣ್ಣ ಪ್ರಪಂಚದಲ್ಲಿ ಅತ್ಯಂತ ಸುಲಭವಾಗಿ ಸಿಗುವ ಬಣ್ಣ, ಅತ್ಯಂತ ಕಷ್ಟದಿಂದ ನಿಲ್ಲುವ ಬಣ್ಣ. ಹಳದಿ ಕೊಡುವ ಮರಗಿಡಗಳನ್ನು ನಾವು ಇನ್ನೂ ಬಲ್ಲೆವು. ಅದನ್ನು ನಿಲ್ಲಿಸುವ ವಿದ್ಯೆಯೊಂದು ಇತ್ತೆಂಬುದನ್ನೇ ಮರೆತಿದ್ದೇವೆ.

ಸಿಗುವ ಮಾತನ್ನು ಮೊದಲು ಹೇಳುತ್ತೇನೆ. ನಮ್ಮೂರಿಗೆ ಈಗ ಮೆಟ್ರೊ ರೈಲು ಬಂದಿದೆ. 2023ರಿಂದ ಹಲಸೂರಿನಲ್ಲಿ ಹತ್ತಿ ಕುಳಿತರೆ ನೇರಳೆ ಬಣ್ಣದ ದಾರಿ ನೇರವಾಗಿ ವೈಟ್‌ಫೀಲ್ಡಿಗೆ ತಂದು ಬಿಡುತ್ತದೆ. ಹತ್ತುವ ನಿಲ್ದಾಣದ ಹೆಸರಿನಲ್ಲಿ ಹಲಸು ಇದೆ. ಅಲ್ಲಿ ಕೆರೆಯ ಬಳಿ ಹಲಸಿನ ತೋಪು ಇದ್ದುದರಿಂದ ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಇಳಿಯುವುದಕ್ಕೆ ಎರಡು ನಿಲ್ದಾಣ ಮುಂಚೆ ‘ಕಾಡುಗೋಡಿ ಟ್ರೀ ಪಾರ್ಕ್’ ಎಂದು ಕೂಗುತ್ತಾರೆ. ಮರಗಳು ಹೋದಲ್ಲೆಲ್ಲ ಹೆಸರುಗಳು ಕಾವಲು ನಿಂತಿರುವುದು ನಮ್ಮ ನಗರದ ವಾಡಿಕೆ. ಆದರೂ ಆ ದಾರಿಯ ಎರಡು ಮಗ್ಗುಲಿನ ಹಿತ್ತಿಲು, ದೇವಸ್ಥಾನ, ಕೆರೆಯಂಗಳಗಳಲ್ಲಿ ಹುಡುಕಿದರೆ ಹಳದಿ ಕೊಡುವ ಗಿಡಮರ ಇಂದಿಗೂ ಅರ್ಧ ಡಜನ್ನಾದರೂ ಸಿಕ್ಕಾವು. ಹಲಸು, ದಾಳಿಂಬೆ, ಪಾರಿಜಾತ, ಚೆಂಡುಹೂ, ಅದೃಷ್ಟವಿದ್ದರೆ ಒಂದು ಮುತ್ತುಗ.

ಎಲ್ಲಕ್ಕೂ ಮೊದಲು ಹೆಸರಿಸಬೇಕಾದದ್ದು ಅರಿಸಿನ. ಅದು ಮರವಲ್ಲ, ನೆಲದೊಳಗಿನ ಗೆಡ್ಡೆ. ಹಳದಿ ಬಣ್ಣಗಳಲ್ಲಿ ಅದರಷ್ಟು ಸರಾಗವಾಗಿ ಹತ್ತಿಬಟ್ಟೆಗೆ ಹತ್ತುವುದು ಮತ್ತೊಂದಿಲ್ಲ. ಏನನ್ನೂ ಬೆರೆಸಬೇಕಾಗಿಲ್ಲ, ಅದ್ದಿದರೆ ಸಾಕು. ಮದುವೆಯ ಬಟ್ಟೆಯ ಮೂಲೆಗೆ, ಕಂಕಣದ ದಾರಕ್ಕೆ, ಕಾಗದದ ಅಂಚಿಗೆ ನಾವು ಅದನ್ನು ಮುಟ್ಟಿಸುವುದು ಈ ಸರಾಗತನದಿಂದಲೇ ಇರಬೇಕು. ಆದರೆ ಅದಕ್ಕೆ ಎರಡು ದೌರ್ಬಲ್ಯಗಳು. ಒಂದು, ಬಿಸಿಲು ಕಂಡರೆ ಬಾಡುತ್ತದೆ. ಇನ್ನೊಂದು, ಕ್ಷಾರ ಸೋಕಿದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುವ ನಮ್ಮ ಹೆಂಗಸರಿಗೆ ಇದನ್ನು ಯಾವ ರಸಾಯನಶಾಸ್ತ್ರಿಯೂ ಹೇಳಿಕೊಡಬೇಕಾಗಿಲ್ಲ. ಪ್ರಯೋಗಶಾಲೆಗಳಲ್ಲಿ ಕ್ಷಾರವನ್ನು ಪತ್ತೆಮಾಡಲು ಅರಿಸಿನದಲ್ಲಿ ಅದ್ದಿದ ಕಾಗದವನ್ನು ಬಳಸುವುದುಂಟು. ಅದು ಓಕುಳಿಯೇ, ಕಾಗದದ ಮೇಲೆ. ಅಂಟುವಾಳದ ಕಾಯಿಯಿಂದ ರೇಷ್ಮೆಯನ್ನು ಒಗೆಯುತ್ತಿದ್ದ ಪದ್ಧತಿಯ ಹಿಂದೆಯೂ ಒಂದು ವಿವೇಕ ಕಾಣುತ್ತದೆ. ಆ ನೊರೆಯಲ್ಲಿ ಕ್ಷಾರವಿಲ್ಲ, ಅರಿಸಿನದ ಬಣ್ಣವನ್ನು ಅದು ಕೆಣಕುವುದಿಲ್ಲ. ಸೋಪು ಬಂದು ಆ ಸ್ನೇಹ ಕೆಟ್ಟಿತು.

ಮುತ್ತುಗ ಅರಿಸಿನಕ್ಕಿಂತ ಆಡಂಬರದ ಮರ. ಮಾಘ ಫಾಲ್ಗುಣಗಳಲ್ಲಿ ಎಲೆಯೆಲ್ಲ ಉದುರಿಸಿ, ಮೈತುಂಬ ಕೆಂಡದಂಥ ಹೂ ಹೊತ್ತು ನಿಲ್ಲುತ್ತದೆ. ನಾವು ಅದರ ಎಲೆಯಲ್ಲಿ ಊಟ ಮಾಡಿದವರು. ಉತ್ತರದ ಜನ ಅದರ ಹೂವನ್ನು ಕುದಿಸಿ ಹೋಳಿಯಾಡಿದವರು. ಹೂವಿನ ರಸ ಹಳದಿಯಿಂದ ಕಿತ್ತಳೆಯವರೆಗೆ ಸೊಗಸಾದ ಬಣ್ಣ ಕೊಡುತ್ತದೆ, ಹಬ್ಬದಷ್ಟೇ ದಿನ ಉಳಿಯುತ್ತದೆ. ಪಾರಿಜಾತದ ಹೂವಿನ ಕೆಂಪು ತೊಟ್ಟೂ ಹಾಗೆಯೇ. ಅದರ ಕಾವಿ ಬಣ್ಣ ಸಂಜೆ ಅರಳಿ ಬೆಳಗ್ಗೆ ಉದುರುವ ಹೂವಿಗೆ ತಕ್ಕದ್ದು. ಚೆಂಡುಹೂ ನಮ್ಮದೆಂದೇ ನಾವೆಲ್ಲ ತಿಳಿದಿದ್ದೇವೆ. ಅದರ ತವರು ಅಮೆರಿಕಾ ಖಂಡ. ಸಮುದ್ರ ದಾಟಿ ಬಂದ ಅತಿಥಿ ದೇವರ ಮನೆಯೊಳಕ್ಕೇ ನಡೆದುಬಿಟ್ಟಿತು. ಆಯುಧಪೂಜೆಯ ಮಾರನೆಯ ದಿನ ನಮ್ಮ ವೈಟ್‌ಫೀಲ್ಡಿನ ದೊಡ್ಡ ದೊಡ್ಡ ಕಚೇರಿಗಳ ಗೇಟಿನ ಹೊರಗೆ ಕಸದ ಗಾಡಿಗೆ ಕಾದು ಬಿದ್ದಿರುವ ಚೆಂಡುಹೂವಿನ ರಾಶಿಯನ್ನು ಕಂಡಾಗಲೆಲ್ಲ, ಒಂದು ಕೇರಿಯ ಬಟ್ಟೆಗೆ ಆಗುವಷ್ಟು ಬಣ್ಣ ಹೋಯಿತಲ್ಲಾ ಎಂದು ನನಗೆ ಸಂಕಟವಾಗುತ್ತದೆ.

ಕುಸುಬೆಯದು ಬೇರೊಂದು ತಮಾಷೆ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಈ ಗಿಡದ ಹೂವಿನಲ್ಲಿ ಹಳದಿ, ಕೆಂಪು ಎರಡೂ ಇವೆ. ಬಣ್ಣಗಾರನಿಗೆ ಬೇಕಾದದ್ದು ಕೆಂಪು. ಆದ್ದರಿಂದ ಅವನು ಹೂವನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹಳದಿಯನ್ನೆಲ್ಲ ಚೆಲ್ಲಿ, ಉಳಿದ ಹೂವಿನಿಂದ ಕ್ಷಾರದ ಸಹಾಯದಿಂದ ಕೆಂಪನ್ನು ಬಿಡಿಸಿಕೊಂಡು, ಹುಳಿ ಹಿಂಡಿ ಬಟ್ಟೆಗೆ ಹತ್ತಿಸುತ್ತಿದ್ದ. ಹಳದಿಯ ಬೆಲೆ ಅಷ್ಟು! ಬೇಡವೆಂದರೂ ಬರುತ್ತದೆ, ಬೇಕೆಂದರೆ ನಿಲ್ಲುವುದಿಲ್ಲ.

ನಿಲ್ಲದ ಹಳದಿಗೆ ಒಂದು ಸಾಕ್ಷಿ ನನ್ನ ಮನೆಯಲ್ಲಿಯೇ ಇದೆಯೆಂದು ನಾನು ಬಹಳ ದಿನ ತಿಳಿದಿದ್ದೆ. ನನ್ನ ಅಜ್ಜಿಯ ಹಸಿರು ರೇಷ್ಮೆ ಸೀರೆ. ಮಡಿಕೆಯ ಒಳಗೆ ಅದು ಇನ್ನೂ ಗಿಣಿಹಸಿರು. ಮಡಿಕೆಯ ಅಂಚಿನಲ್ಲಿ, ಬೆಳಕು ಕಂಡ ಕಡೆ, ನೀಲಿ. ಹಸಿರೆಂಬುದು ನೀಲಿಯ ಮೇಲೆ ಹಳದಿ ಕೂಡಿದ ಬಣ್ಣವಲ್ಲವೆ? ಹಳದಿ ಹೊರಟುಹೋದರೆ ನೀಲಿ ಒಬ್ಬಂಟಿಯಾಗುತ್ತದೆ.

ಇದೇ ಕಥೆಯನ್ನು ಪ್ರಪಂಚದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ನೋಡಬಹುದು. ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ನಡೆದರೆ ಸಿಗುವ ಚೋಳಮಂಡಲ ಕರಾವಳಿಯಿಂದ, ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿಗೆ ಹಡಗುಗಟ್ಟಲೆ ಚೀಟಿಬಟ್ಟೆ ಹೋಗುತ್ತಿತ್ತು. ಮಚಲೀಪಟ್ಟಣ, ಪುಲಿಕಾಟುಗಳ ಬಣ್ಣಗಾರರು ಕೈಯಲ್ಲಿ ಬರೆದ ಹೂಬಳ್ಳಿಯ ಬಟ್ಟೆ. ಇಂದು ಆ ಬಟ್ಟೆಗಳಲ್ಲಿ ಕೆಂಪು ಹೂ ಕೆಂಪಾಗಿಯೇ ಇದೆ, ಎಲೆಗಳು ಮಾತ್ರ ಅನೇಕ ಕಡೆ ನೀಲಿ. ಯಾವ ಬಣ್ಣಗಾರನೂ ನೀಲಿ ಎಲೆ ಬರೆದವನಲ್ಲ. ಕೆಂಪು, ಕಪ್ಪುಗಳ ಕೆಲಸ ಮುಗಿಸಿ, ಮೇಣ ಬಳಿದು ನೀಲಿಯಲ್ಲಿ ಅದ್ದಿ ತೆಗೆದು, ಕಟ್ಟಕಡೆಗೆ ನೀಲಿಯ ಮೇಲೆ ಹಳದಿಯನ್ನು ಕುಂಚದಿಂದ ಹಚ್ಚಿ ಹಸಿರು ಮಾಡುತ್ತಿದ್ದರು. ಕಡೆಗೆ ಬಂದ ಬಣ್ಣ ಮೊದಲು ಹೋಯಿತು. ಯೂರೋಪಿನ ಹಳೆಯ ಚಿತ್ರದ ನೇಯ್ಗೆಗಳಲ್ಲಿಯೂ ಕಾಡುಗಳೆಲ್ಲ ನೀಲಿಗಟ್ಟಿ ನಿಂತಿವೆ. ಅವರ ಹಳದಿಯೂ ಗಿಡದ ಹಳದಿಯೇ, ಅದೂ ಹೀಗೆಯೇ ಕೈಕೊಟ್ಟಿತು. ಆದ್ದರಿಂದ ಇದು ನಮ್ಮವರ ಅಸಡ್ಡೆಯಲ್ಲ, ಬಣ್ಣದ ಜಾತಕ.

ಆದರೆ ಜಾತಕಕ್ಕೂ ಶಾಂತಿ ಉಂಟು. ಅದಕ್ಕೆ ಬೇಕಾದ ಸಾಮಗ್ರಿ ಎರಡೇ: ಪಟಿಕ ಮತ್ತು ಚೊಗರು.

ಪಟಿಕವೆಂದರೆ ಹಜಾಮರ ಅಂಗಡಿಯಲ್ಲಿ ಕ್ಷೌರವಾದ ಮೇಲೆ ಕೆನ್ನೆಗೆ ಉಜ್ಜುವ ಬಿಳಿಯ ಗಟ್ಟಿ. ದೃಷ್ಟಿಯಾಗದಿರಲೆಂದು ಅಂಗಡಿಯ ಬಾಗಿಲಿಗೆ ಕಟ್ಟುವುದೂ ಅದನ್ನೇ. ಅದರಲ್ಲಿರುವ ಅಲ್ಯೂಮಿನಿಯಮ್ ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ರೇಷ್ಮೆ, ಉಣ್ಣೆಗಳಿಗೆ ಇಷ್ಟು ಸಾಕು. ಹತ್ತಿ ಹಟಮಾರಿ, ಪಟಿಕವನ್ನೂ ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಮೊದಲು ಚೊಗರಿನಲ್ಲಿ ನೆನೆಸಿ ಪಳಗಿಸಬೇಕು. ಅಳಲೆಕಾಯಿಯನ್ನು ಕಚ್ಚಿದವರಿಗೆ ಚೊಗರೆಂದರೆ ಏನೆಂದು ನಾಲಗೆಯೇ ಹೇಳುತ್ತದೆ. ಅಳಲೆಯ ನೀರಿನಲ್ಲಿ ನೆನೆಸಿದ ಬಟ್ಟೆ ತಾನೇ ಮಾಸಲು ಹಳದಿಯಾಗುತ್ತದೆ. ಅದರ ಮೇಲೆ ಪಟಿಕ, ಪಟಿಕದ ಮೇಲೆ ಹಲಸು. ನನ್ನ ಪಂಚೆಗೂ ಭಿಕ್ಷುವಿನ ಚೀವರಕ್ಕೂ ಇದ್ದ ವ್ಯತ್ಯಾಸ ಮರದಲ್ಲಿರಲಿಲ್ಲ, ಈ ಮುಂಚಿನ ಸಿದ್ಧತೆಯಲ್ಲಿತ್ತು. ದಾಳಿಂಬೆಯ ಸಿಪ್ಪೆ ಎರಡನ್ನೂ ತನ್ನೊಳಗೇ ಇಟ್ಟುಕೊಂಡಿದೆ. ಹಳದಿಯೂ ಅದೇ, ಚೊಗರೂ ಅದೇ. ಬಣ್ಣ ಅಷ್ಟೇನೂ ಉಜ್ವಲವಲ್ಲ, ಆದರೆ ಮಾತಿಗೆ ನಿಲ್ಲುವಂಥದು. ಲೋಧ್ರದ ಮರವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲದಿಂದ ಅಲ್ಯೂಮಿನಿಯಮ್ಮನ್ನು ಹೀರಿ ತೊಗಟೆಯಲ್ಲೇ ಸೇರಿಸಿಟ್ಟುಕೊಳ್ಳುತ್ತದೆ. ಪಟಿಕವನ್ನು ಅಂಗಡಿಯಿಂದ ತರದೆ ತೊಗಟೆಯಿಂದ ತೆಗೆದುಕೊಳ್ಳಬಹುದೆಂದು ಮೊದಲು ಕಂಡುಕೊಂಡವರ ಕಣ್ಣು ಎಂಥದಿರಬೇಕು!

ಫ್ರೆಂಚರು ಇಂಥ ಬಣ್ಣಹಿಡುಕ ದ್ರವ್ಯಕ್ಕೆ ‘ಕಚ್ಚುವಂಥದು’ ಎಂಬ ಅರ್ಥದ ಹೆಸರಿಟ್ಟರು. ನಾವೂ ಬಟ್ಟೆಗೆ ಕಲೆ ಕಚ್ಚಿಕೊಂಡಿದೆ ಎನ್ನುತ್ತೇವೆ. ಇದರ ಗುಟ್ಟನ್ನು ತಿಳಿಯಬೇಕೆಂದು ಯೂರೋಪಿನವರು ನಮ್ಮ ಕರಾವಳಿಯಲ್ಲಿ ಬಹಳ ಹೆಣಗಿದರು. ಕರ್ದೂ ಎಂಬ ಫ್ರೆಂಚ್ ಪಾದ್ರಿ, ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ನೆಂಟಸ್ತಿಕೆ ಇದೆಯೆಂದು ಬಹಳ ಮುಂಚೆ ಗುರುತಿಸಿದವನು, 1742ರಲ್ಲಿಯೂ 1747ರಲ್ಲಿಯೂ ಚೀಟಿಬಟ್ಟೆಯ ವಿಧಾನವನ್ನು ಕಾಗದ ಬರೆದು ಊರಿಗೆ ಕಳಿಸಿದ. ಅಳಲೆ, ಎಮ್ಮೆಯ ಹಾಲು, ಪಟಿಕ ಎಲ್ಲವೂ ಆ ಕಾಗದಗಳಲ್ಲಿವೆ. ಭಾಷೆಗಳ ಬೇರು ಹುಡುಕುವ ಪಂಡಿತ ಬಟ್ಟೆಯ ಬಣ್ಣದ ಬೇರನ್ನೂ ಹುಡುಕಿದ್ದನ್ನು ಇಂದಿನ ಕಣ್ಣಿನಿಂದ ನೋಡಿದರೆ ವ್ಯಾಪಾರದ ಗೂಢಚರ್ಯೆ ಎನ್ನಬೇಕು.

ಗೂಢಚರ್ಯೆಯ ಮಾತು ಬಂತು. ಹಳದಿಯ ಚರಿತ್ರೆಯಲ್ಲಿ ನಿಜವಾದ ಗೂಢಚಾರನೊಬ್ಬ ಇದ್ದಾನೆ. ಎಡ್ವರ್ಡ್ ಬ್ಯಾಂಕ್ರಾಫ್ಟ್ ಎಂಬ ವೈದ್ಯ. ಅಮೆರಿಕಾ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನ ಬಳಿ ಕಾರ್ಯದರ್ಶಿಯಂತೆ ಓಡಾಡಿಕೊಂಡಿದ್ದು, ಅಲ್ಲಿನ ಸುದ್ದಿಯನ್ನು ಬ್ರಿಟಿಷ್ ಸರ್ಕಾರಕ್ಕೆ ಮುಟ್ಟಿಸುತ್ತಿದ್ದವನು. ಅವನ ಕಪಟ ಬಯಲಾದದ್ದು ನೂರು ವರ್ಷಗಳ ಮೇಲೆ. ಈ ಮಹಾಶಯ ಅಮೆರಿಕಾದ ಕರಿ ಓಕ್ ಮರದ ತೊಗಟೆಯಿಂದ ಹಳದಿ ತೆಗೆದು, 1785ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಿಂದ ಅದರ ಏಕಸ್ವಾಮ್ಯ ಪಡೆದ. 1794ರಲ್ಲಿ ನಿಲ್ಲುವ ಬಣ್ಣಗಳ ತತ್ತ್ವವನ್ನು ಕುರಿತು ದೊಡ್ಡ ಪುಸ್ತಕವನ್ನೇ ಬರೆದ. ಬಣ್ಣಗಳಲ್ಲಿ ತಾವೇ ಹತ್ತುವುವು ಕೆಲವು, ಮತ್ತೊಂದರ ಆಸರೆ ಬೇಡುವುವು ಕೆಲವು ಎಂದು ಅವನು ಮಾಡಿದ ವಿಂಗಡಣೆ ಇಂದಿಗೂ ಪಾಠದಲ್ಲಿದೆ. ಒಪ್ಪತಕ್ಕ ಮಾತು, ಸ್ಪಷ್ಟವಾಗಿ ಹೇಳಿದ ಮಾತು. ಆದರೆ ಅರಿಸಿನವನ್ನು ಬರಿಗೈಯಲ್ಲೂ ಹಲಸನ್ನು ಪಟಿಕದ ಜೊತೆಯಲ್ಲೂ ಹಿಡಿಯುತ್ತಿದ್ದವರಿಗೆ ಆ ವಿಂಗಡಣೆ ಕೈಯಲ್ಲೇ ಇತ್ತು. ಅವನಿಗೆ ಹಕ್ಕುಪತ್ರ ದೊರೆಯಿತು. ಅಳಲೆಯ ನೀರಿನ ಮೇಲೆ ಪಟಿಕವನ್ನು ಮೊದಲು ಪ್ರಯೋಗಿಸಿದ ಕೈ ಯಾರದೆಂದು ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಕೇಳಿದವನೊಬ್ಬ ಇದ್ದ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್. ಬೆಂಗಳೂರು ಪೇಟೆಯ ಪಟ್ಟೇಗಾರರು, ಖತ್ರಿಗಳು, ದೇವಾಂಗದವರು ಏನನ್ನು ನೇಯುತ್ತಾರೆ, ಹೇಗೆ ಬಣ್ಣ ಹಾಕುತ್ತಾರೆ ಎಂಬುದನ್ನೆಲ್ಲ ವಿಚಾರಿಸಿ ಬರೆದುಕೊಂಡ. ಮೂರು ಸಂಪುಟಗಳ ಆ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸ್ವಭಾವತಃ ಅವನು ಗಡಸು ಮನುಷ್ಯ, ಮೆಚ್ಚುಗೆಯ ಮಾತು ಅವನಿಗೆ ಸುಲಭವಾಗಿ ಬರುವುದಿಲ್ಲ. ಆದರೂ ನಮ್ಮ ಕಸಬುದಾರರ ಬಗ್ಗೆ ನಮಗೆ ಉಳಿದಿರುವ ಆ ಕಾಲದ ಒಳ್ಳೆಯ ದಾಖಲೆ ಅವನದೇ.

ಆಗಿನ ರೇಷ್ಮೆಯ ಬಣ್ಣಗಳಲ್ಲಿ ಮೇಲಾದ ಒಂದು ಕಿತ್ತಳೆ ಹಳದಿ, ಕುಂಕುಮದ ಮರದ್ದು. ವೈದ್ಯರು ಕಂಪಿಲ್ಲಕವೆನ್ನುವ ಈ ಮರದ ಸಣ್ಣ ಕಾಯಿಗಳ ಮೇಲೆ ಕೆಂಪು ಹುಡಿ ಕೂತಿರುತ್ತದೆ. ಕಾಯಿಗಳನ್ನು ಬುಟ್ಟಿಯಲ್ಲಿ ಹಾಕಿ ಉಜ್ಜಿ ಉದುರಿಸಿದರೆ ಬಣ್ಣ ಸಿದ್ಧ. ತೆಲುಗು ಸೀಮೆಯಲ್ಲಿ ಅದನ್ನು ವಸಂತಗುಂಡ ಎನ್ನುತ್ತಿದ್ದರೆಂದೂ, ನಾಲ್ಕು ಪಾಲು ಹುಡಿ, ಒಂದು ಪಾಲು ಪಟಿಕ, ಎರಡು ಪಾಲು ಸವಳುಪ್ಪು, ಒಂದಿಷ್ಟು ಎಳ್ಳೆಣ್ಣೆ ಸೇರಿಸಿ ಅರೆದು ಕುದಿಯುವ ನೀರಿಗೆ ಹಾಕಿ ರೇಷ್ಮೆಯನ್ನು ಅದ್ದುತ್ತಿದ್ದರೆಂದೂ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರೋ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದಿಟ್ಟ. ಓದಿದರೆ ಅಡಿಗೆಯ ಪಾಕದಂತಿದೆ. ಆದರೆ ಪಾಕದ ಪುಸ್ತಕ ಓದಿ ಹೋಳಿಗೆ ಮಾಡಹೋದವರಿಗೆ ಗೊತ್ತು, ಪುಸ್ತಕಕ್ಕೂ ಬಾಣಲೆಗೂ ನಡುವೆ ಇರುವ ದೂರ. ಕುದಿ ಎಷ್ಟು, ಎಣ್ಣೆ ಯಾವಾಗ, ಯಾವ ಬಾವಿಯ ನೀರು? ಇವು ಕಾಗದಕ್ಕೆ ಇಳಿಯುವ ಸಂಗತಿಗಳಲ್ಲ.

ಪಶ್ಚಿಮದ ಕರಾವಳಿಯಲ್ಲೂ ಒಂದು ಪ್ರಯೋಗ ನಡೆಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗೆ 1851ರಲ್ಲಿ ಬಂದ ಹಾಲರ್ ಎಂಬ ಜರ್ಮನ್ ನೇಕಾರ ಅಲ್ಲಿ ಖಾಕಿ ಬಣ್ಣವನ್ನು ಹದಗೊಳಿಸಿದನೆಂದು ಪ್ರತೀತಿ. ಪೇಷಾವರದ ಕಡೆಯ ಸೈನಿಕರು ಅದಕ್ಕೆ ಮುಂಚೆಯೇ ಮಣ್ಣುಬಣ್ಣದ ಉಡುಪು ತೊಟ್ಟಿದ್ದುಂಟು. ಇರಲಿ. ಹಳದಿ ಮಾಸಿ ಪೊಲೀಸಿನವರ ಬಣ್ಣವಾದ ಕಥೆ ಅದು, ಬೇರೆಯಾಗಿಯೇ ಹೇಳತಕ್ಕದ್ದು.

ಈಗ ವೈಟ್‌ಫೀಲ್ಡಿಗೆ ಹಿಂದಿರುಗುತ್ತೇನೆ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಸುಮಾರು 3,900 ಎಕರೆ ನೆಲವನ್ನು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ಕೊಟ್ಟರು. ಸಂಘದ ಮುಂದಾಳು ಡೇವಿಡ್ ವೈಟ್‌ನ ಹೆಸರೇ ಊರಿಗೆ ಬಂತು. ಬಿಳಿಯ ಹೊಲವೆಂದು ಅರ್ಥ ಮಾಡಿಕೊಂಡು ಬಿಳಿಯ ಪಂಚೆ ಉಡುವವರು ನನ್ನಂತೆ ಮೋಸಹೋಗುತ್ತಾರೆ. ಬೇಸಾಯ ಮಾಡಿ ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂದು ಬಂದವರ ಊರು ಇದು. ಈ ಊರು ಹುಟ್ಟಿದ ಮೂರು ವರ್ಷಗಳ ಒಳಗೆ ಹಳದಿಯ ಪ್ರಪಂಚ ತಲೆಕೆಳಗಾಯಿತೆಂಬುದು ಇಲ್ಲಿನವರಿಗೆ ಯಾರಿಗೂ ಆಗ ತಿಳಿದಿರಲಾರದು. 1856ರಲ್ಲಿ ಪರ್ಕಿನ್ ಎಂಬ ಹುಡುಗ ಕಲ್ಲಿದ್ದಲಿನ ಟಾರಿನಿಂದ ನೇರಳೆ ಬಣ್ಣ ತೆಗೆದಂದಿನಿಂದ ಒಂದೊಂದೇ ಬಣ್ಣ ಕಾರ್ಖಾನೆಗೆ ಸೇರುತ್ತಿತ್ತು. ಹಳದಿಯಲ್ಲಿ ಆರಮೀನ್ ಬಂದದ್ದು 1883ರಲ್ಲಿ, ಟಾರ್ಟ್ರಜೀನ್ 1884ರಲ್ಲಿ. ಅದೇ 1884ರಲ್ಲಿ ಕಾಂಗೊ ಕೆಂಪು ಬಂದು, ಪಟಿಕವೂ ಬೇಡ, ಚೊಗರೂ ಬೇಡ, ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಸಾಕು ಎಂಬ ಬಣ್ಣಗಳ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಯ ದೊಡ್ಡ ಗಿರಣಿ ಪ್ರಾರಂಭವಾದದ್ದೂ 1884ರಲ್ಲಿಯೇ. ಮದರಾಸಿನ ಕಡೆಯ ರೈಲುದಾರಿ 1864ರಲ್ಲೇ ಬೆಂಗಳೂರು ದಂಡಿಗೆ ಮುಟ್ಟಿತ್ತು, ಅದು ಕಾಡುಗೋಡಿಯ ಪಕ್ಕದಲ್ಲೇ ಹಾಯುತ್ತದೆ. ಬಂದರಿನಲ್ಲಿ ಇಳಿದ ಜರ್ಮನಿಯ ಬಣ್ಣದ ಡಬ್ಬಿಗಳು ಪೇಟೆಗೆ ಹೋಗುವಾಗ ಈ ಹೊಲಗಳನ್ನು ದಾಟಿಯೇ ಹೋಗಿರಬೇಕೆಂದು ನಾನು ರೈಲಿನ ಸದ್ದು ಕೇಳಿದಾಗಲೆಲ್ಲ ಊಹಿಸಿಕೊಳ್ಳುತ್ತೇನೆ.

ಅಜ್ಜಿಯ ಸೀರೆಯನ್ನು ತೆಗೆದುಕೊಂಡು ಒಂದು ದಿನ ಕಬ್ಬನ್‌ಪೇಟೆಗೆ ಹೋದೆ. ಅಲ್ಲಿ ಮಗ್ಗ ಬಿಟ್ಟು ಬಹಳ ವರ್ಷವಾದ ಒಬ್ಬ ವೃದ್ಧ ನೇಕಾರರ ಪರಿಚಯ ನನಗಿತ್ತು. ಹಸಿರು ನೀಲಿಯಾದ ಮಡಿಕೆಯನ್ನು ತೋರಿಸಿ, ಅರಿಸಿನ, ನೀಲಿ, ಚೀಟಿಬಟ್ಟೆ, ಫ್ರೆಂಚ್ ಪಾದ್ರಿ ಎಂದೆಲ್ಲ ನನ್ನ ಪಾಂಡಿತ್ಯವನ್ನು ಬಿಚ್ಚಿದೆ. ಅವರು ಕನ್ನಡಕವೇರಿಸಿ, ಸೀರೆಯ ಸೆರಗನ್ನು ತಿರುವಿ, ಬೆರಳಲ್ಲಿ ಉಜ್ಜಿ ನೋಡಿ, ನಿಧಾನವಾಗಿ ನಕ್ಕರು.

“ಇದೆಲ್ಲ ಗಿಡದ ಬಣ್ಣ ಅಲ್ಲ ಸ್ವಾಮಿ. ನಮ್ಮ ತಾತನ ಕಾಲಕ್ಕೇ ಡಬ್ಬಿ ಬಂದಿತ್ತು. ಇದು ಡಬ್ಬೀದೇ.”

“ಹಾಗಾದರೆ ಹಳದಿ ಹೋಯಿತೇಕೆ?”

“ಅದೂ ಹೋಗೋದೇ. ಆಗಿನ ಡಬ್ಬಿ ಹಳದಿ ಬಿಸಿಲಿಗೆ ನಿಲ್ತಿರಲಿಲ್ಲ. ಕೆಲಸ ಕಡಿಮೆ ಅಂತ ಹಾಕ್ತಿದ್ರು, ಅಷ್ಟೆ.”

ನನ್ನ ಮುಖ ಸಪ್ಪಗಾಯಿತು. ಆದರೆ ಅವರ ಮಾತು ಸತ್ಯ. ಆರಮೀನ್ ಕಣ್ಣು ಕೋರೈಸುವಷ್ಟು ಚೆಲುವಾದ ಹಳದಿ, ಬೆಳಕಿಗೆ ಮಾತ್ರ ಬಲು ಬೇಗ ಸೋಲುತ್ತದೆ. ಗಿಡದ ಹಳದಿ ಓಡಿಹೋಗುತ್ತಿತ್ತು, ಅದನ್ನು ಓಡಿಸಿದ ಹಳದಿಯೂ ಓಡಿಹೋಯಿತು. ಹಳೆಯದು ಹೋಗಿ ಹೊಸದು ಬಂದದ್ದು ಹೆಚ್ಚು ಬಾಳುತ್ತದೆಂದಲ್ಲ. ಮೂರು ನೆನೆತ, ನಾಲ್ಕು ಒಣಗು, ಹತ್ತು ದಿನಗಳ ಕೆಲಸ ಒಂದು ಗಂಟೆಗೆ ಇಳಿಯಿತೆಂದು. ಬೆಳಕಿಗೂ ಸೋಪಿಗೂ ಅಂಜದ ಕಾರ್ಖಾನೆಯ ಹಳದಿಗಳು ಆಮೇಲೆ ಬಂದವು, ನಿಜ. ಅಷ್ಟು ಹೊತ್ತಿಗೆ ಅಳಲೆಯ ನೀರಿನ ಹದ ತಿಳಿದವರ ಮನೆಗಳಲ್ಲಿ ಮಕ್ಕಳು ಬೇರೆ ಕಸಬಿಗೆ ಹೋಗಿದ್ದರು. ಹದ ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ದೊರೆಯುವುದಿಲ್ಲ. ಹಲಸಿನ ಮರವನ್ನಾದರೆ ಬೀಜ ಹಾಕಿ ಬೆಳೆಸಬಹುದು.

ಕಾರ್ಖಾನೆಯ ಬಣ್ಣಗಳ ಮೇಲೂ ಕಾಲಕ್ರಮದಲ್ಲಿ ಅನುಮಾನ ಹುಟ್ಟಿತು. ಮೈಗೆ ಕೆಡುಕು ಮಾಡಬಲ್ಲ ಕೆಲವು ಜಾತಿಯ ಬಣ್ಣಗಳನ್ನು ಜರ್ಮನಿ 1994ರಲ್ಲಿ ನಿಷೇಧಿಸಿತು, ನಮ್ಮ ಸರ್ಕಾರ 1997ರಲ್ಲಿ. ಬಣ್ಣದ ಡಬ್ಬಿ ಹೊರಟ ದೇಶವೇ ಬಾಗಿಲು ಹಾಕಿದ್ದನ್ನು ನೆನೆದರೆ ವಿಚಿತ್ರವೆನಿಸುತ್ತದೆ. ಅದಕ್ಕಿಂತ ವಿಚಿತ್ರ ಮೆಟಾನಿಲ್ ಹಳದಿಯದು. ಬಟ್ಟೆಗೆಂದು ಹುಟ್ಟಿದ ಈ ಬಣ್ಣವನ್ನು ಅಪ್ರಾಮಾಣಿಕ ವ್ಯಾಪಾರಿಗಳು ಅರಿಸಿನದ ಪುಡಿಗೇ ಬೆರೆಸುತ್ತಾರೆ. ಬಟ್ಟೆಯಿಂದ ಅರಿಸಿನವನ್ನು ಹೊರದೂಡಿದ್ದು ಸಾಲದೆಂದು ಅರಿಸಿನದ ಡಬ್ಬಿಯೊಳಕ್ಕೇ ನುಗ್ಗಿತು.

ಮತ್ತೆ ಕೈಹಾಕಿದವರೂ ಇದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘ ಕೈಮಗ್ಗದ ಹತ್ತಿಬಟ್ಟೆಗೆ ಗಿಡದ ಬಣ್ಣವನ್ನು ಹಾಕುತ್ತ ಬಂದಿದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ಅವರ ಕೈಯಲ್ಲಿ ಕೆಂಗಂದು ಬಣ್ಣವಾಯಿತು, ದಾಳಿಂಬೆಯ ಸಿಪ್ಪೆ ಹಳದಿಯಾಯಿತು. ಹಳೆಯ ಬಣ್ಣಗಾರರ ಪೀಳಿಗೆಯಿಂದ ಕಲಿಯುವ ಅನುಕೂಲ ಎಲ್ಲಿಂದ ಬರಬೇಕು? ಹಂಡೆಯ ಮುಂದೆ ನಿಂತು, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕು. 2020ರಲ್ಲಿ ಸಂಘ ತಾನು ಸಂಕಷ್ಟದಲ್ಲಿರುವುದಾಗಿ ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ನೇಯ್ದವರದಾಗಲಿ ಬಣ್ಣ ಹಾಕಿದವರದಾಗಲಿ ತಪ್ಪಲ್ಲ. ಪೇಟೆಯಲ್ಲಿ ಇನ್ನೂರು ರೂಪಾಯಿಗೆ ಅಂಗಿ ಸಿಗುವಾಗ ಹತ್ತು ದಿನದ ಹಳದಿಗೆ ಕೈ ಚಾಚುವವರು ಎಷ್ಟು ಮಂದಿ? ಈ ಪ್ರಶ್ನೆಗೆ ನಾನೂ ಉತ್ತರ ಕೊಡಬೇಕಾದವನೇ. ಬರೆಯುವಾಗ ನಾನು ತೊಟ್ಟಿರುವ ಅಂಗಿ ಎಲ್ಲಿಯದೆಂದು ಹೇಳುವ ಧೈರ್ಯ ನನಗಿಲ್ಲ.

ಕಡೆಗೆ ನಾನೇ ಒಂದು ಸಣ್ಣ ಕಾರ್ಖಾನೆ ತೆರೆದೆ. ಸಾಮಿಲ್ಲಿನ ಆಚಾರಿಯಿಂದ ಒಂದು ಚೀಲ ಹಲಸಿನ ಹೊಟ್ಟು, ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ, ಹಜಾಮರ ಅಂಗಡಿಯಿಂದ ಕೇಳಿ ತಂದ ಪಟಿಕ. “ಈ ಪಾತ್ರೇಲಿ ಇನ್ನು ಹಾಲು ಕಾಯಿಸೋಕ್ಕಾಗತ್ತೇನ್ರೀ?” ಎಂಬ ಪ್ರಶ್ನೆಗೆ ಉತ್ತರವಾಗಿ ಹೊಸ ಪಾತ್ರೆಯೊಂದನ್ನು ಕೊಂಡುಕೊಟ್ಟೆ. ಹಳೆಯ ಪಂಚೆಯನ್ನೇ ಹರಿದು ಆರು ತುಂಡು ಮಾಡಿ, ಅರಿಸಿನ, ಮುತ್ತುಗ, ಚೆಂಡುಹೂ, ದಾಳಿಂಬೆ, ಬರೀ ಹಲಸು, ಅಳಲೆ ಪಟಿಕಗಳ ಮೇಲೆ ಹಲಸು, ಹೀಗೆ ಬಣ್ಣ ಹಾಕಿ ಪಶ್ಚಿಮದ ಕಿಟಕಿಗೆ ಕಟ್ಟಿದೆ. ಮೊದಲ ದಿನ ಆರರಲ್ಲಿ ಅರಿಸಿನವೇ ರಾಣಿ. ಎರಡು ವಾರ ಕಳೆಯುವಷ್ಟರಲ್ಲಿ ಅವಳ ಬಣ್ಣವಿಳಿಯಿತು. ಒಂದು ತಿಂಗಳಿಗೆ ಅದು ಬಿಳಿಯ ಬಟ್ಟೆಯೇ. ಮುತ್ತುಗ ಅದರ ಹಿಂದೆಯೇ ಹೋಯಿತು. ಚೆಂಡುಹೂ ಮಂಕಾಯಿತು. ಬರೀ ಹಲಸು ಇತ್ತೋ ಇಲ್ಲವೋ ಎನ್ನುವಂತಾಯಿತು. ದಾಳಿಂಬೆ ಮೊದಲ ದಿನ ಹೇಗಿತ್ತೋ ಹೆಚ್ಚು ಕಡಿಮೆ ಹಾಗೆಯೇ ಮಂಕುಮಂಕಾಗಿ ಕುಳಿತಿತ್ತು. ಸಿದ್ಧತೆ ಮಾಡಿಕೊಂಡು ಹಾಕಿದ ಹಲಸು ಬಿಸಿಲಿಗೆ ಒಂದಿಷ್ಟು ಕಂದಿ, ಹಳೆಯ ವೀಣೆಯ ಮೈಬಣ್ಣಕ್ಕೆ ತಿರುಗಿ, ಅಲ್ಲಿಗೆ ನಿಂತಿತು. ನಾಲ್ಕು ತಿಂಗಳಾದ ಮೇಲೆ ಸೋಪಿನಲ್ಲಿ ಒಗೆದೆ. ಹೋಗಲಿಲ್ಲ.

ಆ ಹದದಲ್ಲೇ ಮತ್ತೊಂದು ಪಂಚೆಗೆ ಬಣ್ಣ ಹಾಕಿ ಒಣಗಿಸಿದೆವು. ಬಣ್ಣ ಒಂದೇ ಸಮನಾಗಿ ಹತ್ತಿಲ್ಲ. ನಡುವೆ ಒಂದು ದೊಡ್ಡ ಮೋಡದಂಥ ಗುರುತಿದೆ, ನಾನು ಕೋಲಿನಿಂದ ತಿರುವುವುದನ್ನು ಮರೆತು ಟೆಲಿಫೋನಿನಲ್ಲಿ ಮಾತಾಡುತ್ತಿದ್ದುದರ ಫಲ. ಉಡುವುದಕ್ಕೆ ಬಾರದೆಂದು ನನ್ನ ಹೆಂಡತಿ ಅದನ್ನು ಅಜ್ಜಿಯ ಸೀರೆಗೆ ಹೊದಿಕೆ ಮಾಡಿದಳು. ಸೀರೆಯನ್ನು ಹಳೆಯ ಮಡಿಕೆ ಬಿಟ್ಟು ಹೊಸದಾಗಿ ಮಡಿಸಿ, ನೀಲಿಯಾದ ಅಂಚುಗಳು ಒಳಕ್ಕೆ ಬರುವಂತೆ ಮಾಡಿ, ಹಲಸಿನ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದಾಳೆ.